ಹನ್ನೆರಡನೆಯ ರೈಫಲ್

ಹನ್ನೊಂದು ರೈಫಲ್ ನೋಡಿಯಾಗಿತ್ತು. ಹನ್ನೊಂದಕ್ಕೂ ರಾಯ್ಸ್ ಟಿಡ್‌ವೆಲ್ ಏನಾದರೊಂದು ಕೊಂಕು ತೆಗೆದಿದ್ದ. ಒಂದರ ನಳಿಗೆ ಉದ್ದವಾಯಿತು, ಇನ್ನೊಂದರದು ಗಿಡ್ಡವಾಯಿತು. ಒಂದಕ್ಕೆ ಬೆನ್ನ ಮೇಲೆ ಸೇಫ್ಟಿಯ ಗುಂಡಿ ಕೂರಿಸಿದ್ದರು. ಸಾವಿರದೆಂಟುನೂರ ತೊಂಬತ್ತೆರಡರಲ್ಲಿ ಯಾವ ಪುಣ್ಯಾತ್ಮ ರೈಫಲ್ಲಿಗೆ ಗುಂಡಿ ಇಡುತ್ತಿದ್ದ ಅಂತ ಅಂಗಡಿಯವನ ಮುಖಕ್ಕೇ ಕೇಳಿ ಎದ್ದು ಬಂದಿದ್ದ. ಮತ್ತೊಂದರಲ್ಲಿ ಎಲ್ಲ ಸರಿಯಿತ್ತು, ಆದರೆ ಮಾಡಿದ್ದು ಇಟಲಿಯಲ್ಲಿ. "ಇಟಲಿಯವನಿಗೆ ಕೌಬಾಯ್ ಅಂದ್ರೆ ಏನು ಗೊತ್ತು?" ಅಂದ. ಅವನ ಸೊಂಟದಲ್ಲಿ ಇಪ್ಪತ್ತೆರಡು ವರ್ಷದಿಂದ ತೂಗುತ್ತಿದ್ದ ಎರಡು ಪಿಸ್ತೂಲೂ ಇಟಲಿಯವೇ. ಹೆಂಡತಿ ಲವೋನ್ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಲು ಶಕ್ತಿ ಬೇಕಲ್ಲ.

ಫೆಬ್ರುವರಿಯಲ್ಲಿ ಅವನಿಗೆ ಸ್ಟ್ರೋಕ್ ಆದಮೇಲೆ ಗಾಡಿ ಓಡಿಸುವವಳು ಅವಳೇ. ವಾರದ ಐದು ದಿನ ಬೆಳಗಿನ ಜಾವ ಎದ್ದು ಶಾಲೆಯ ಬಸ್ಸು ಓಡಿಸುತ್ತಾಳೆ. ಮೂವತ್ತೆಂಟು ಮಕ್ಕಳ ಕಿರಿಚಾಟ ತಲೆಯ ಮೇಲೆ ಹೊತ್ತು ಮನೆಗೆ ಬಂದರೆ, ಇವನ ಬೆರಳಿಗೆ ಎಣ್ಣೆ ತಿಕ್ಕು, ರಬ್ಬರ್ ಚೆಂಡು ಹಿಸುಕಿಸು, ಅಂಗಿಯ ಗುಂಡಿ ಬಿಚ್ಚು. ಶನಿವಾರ ಆದರೂ ಬೆನ್ನು ನೆಟ್ಟಗೆ ಮಾಡೋಣ ಅಂದರೆ ರೈಫಲ್ ನೋಡಲು ಟುಸಾನ್, ರೈಫಲ್ ನೋಡಲು ಸ್ಯಾಫರ್ಡ್, ಒಂದು ಸಲ ರಾಜ್ಯದ ಗಡಿಯನ್ನೇ ದಾಟಿ ಲಾಸ್ ಕ್ರೂಸಸ್. ಅರವತ್ನಾಲ್ಕು ವರ್ಷದ ಹೆಂಗಸು. ದೇವರು ಅವಳನ್ನು ಕಬ್ಬಿಣದಲ್ಲಿ ಮಾಡಿರಲಿಲ್ಲ.

ಇವರ ಆಟ ಹೀಗೆ. ಎರಡು ಹೇಸರಗತ್ತೆ ಅನ್ನುವ ಕ್ಲಬ್ಬು, ಊರಾಚೆ ಕುರುಚಲು ಬಯಲಲ್ಲಿ ಮರದ ಸುಳ್ಳು ಮುಂಭಾಗ ನಿಲ್ಲಿಸಿದ ಒಂದು ಬೀದಿ. ಅಲ್ಲಿ ಬ್ಯಾಂಕು ಇದೆ, ಸೆರೆಮನೆ ಇದೆ, ಯಾವುದಕ್ಕೂ ಹಿಂಬದಿಯಿಲ್ಲ. ಮುತ್ತಜ್ಜನ ಕಾಲದ ಬಟ್ಟೆ ತೊಟ್ಟು, ಆ ಕಾಲದ ಮಾದರಿಯ ಬಂದೂಕು ಹಿಡಿದು, ಉಕ್ಕಿನ ತಟ್ಟೆಗಳಿಗೆ ಟೈಮರ್ ಇಟ್ಟು ಗುಂಡು ಹೊಡೆಯಬೇಕು. ರೈಫಲ್ ಅಂದಮೇಲೆ ಲಿವರಿನದೇ ಆಗಬೇಕು: ಕೈಯ ಕೆಳಗಿನ ಬಳೆಯನ್ನು ಮುಂದಕ್ಕೆ ದೂಡಿ ಹಿಂದಕ್ಕೆ ಎಳೆದರೆ ಹಳೇ ತೋಟಾ ಹಾರಿ ಹೊಸದು ಒಳಗೆ ಕೂರಬೇಕು. ಒಬ್ಬೊಬ್ಬರಿಗೂ ಅಲ್ಲಿ ಬೇರೆ ಹೆಸರು, ಒಬ್ಬರ ಹೆಸರು ಇನ್ನೊಬ್ಬರು ಇಟ್ಟುಕೊಳ್ಳುವ ಹಾಗಿಲ್ಲ. ರಾಯ್ಸ್ ಇಟ್ಟುಕೊಂಡದ್ದು 'ಊಟಕ್ಕೆ ತಡ'. ಹೆಂಡತಿಗೆ ಅವನೇ ಇಟ್ಟದ್ದು 'ಇನ್ನೂ ಕಾಯ್ತಿದೀನಿ'. ಇಪ್ಪತ್ತೆರಡು ವರ್ಷದ ಹಿಂದೆ ಅದಕ್ಕೆ ಬಯಲೆಲ್ಲ ಬಿದ್ದು ಬಿದ್ದು ನಕ್ಕಿತ್ತು.

ಸ್ಟ್ರೋಕ್ ಬಡಿದದ್ದು ಬಲಗೈಗೆ, ಲಿವರ್ ಆಡಿಸುವ ಕೈಗೆ. ಕಮಿಟಿಯವರು ಕೂತು ಮಾತಾಡಿ ಒಂದು ದಾರಿ ಮಾಡಿಕೊಟ್ಟರು. ಪಿಸ್ತೂಲು ಬೇಡ, ಶಾಟ್‌ಗನ್ ಬೇಡ. ಒಂದು ಶನಿವಾರ ಬರೀ ರೈಫಲ್ಲಿನಲ್ಲಿ ಮೂರು ಸುತ್ತು, ಸುತ್ತಿಗೆ ಹತ್ತು ಗುಂಡು. ತಟ್ಟೆಗೆ ತಾಗದಿದ್ದರೆ ಪರವಾಗಿಲ್ಲ, ಅಪಾಯವಿಲ್ಲದೆ ಮುಗಿಸಿದರೆ ಸಾಲಿಗೆ ವಾಪಸ್ಸು. ಇಲ್ಲದಿದ್ದರೆ ಅವನು ಇನ್ನು ಮುಂದೆ ನೋಡುವವರ ಬೆಂಚಿನಲ್ಲಿ. ಅಕ್ಟೋಬರಿನ ಪಂದ್ಯ ಕೊನೆಯ ಅವಕಾಶ. ಅವನ ಹಳೆಯ ತೊಂಬತ್ತೆರಡರ ಮಾದರಿಯ ರೈಫಲ್ಲಿನ ಲಿವರ್ ಈಗ ಆ ಕೈಗೆ ಬಗ್ಗುತ್ತಿರಲಿಲ್ಲ, ಅದಕ್ಕೇ ಈ ರೈಫಲ್ ಹುಡುಕಾಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಷ್ಟೇ ವಿಷಯ. ಆದರೆ ನಲವತ್ತು ವರ್ಷ ಜೊತೆಗೆ ಮಲಗಿ ಎದ್ದ ಗಂಡನಿಗೆ ಅದನ್ನು ಹೇಳುವವರು ಯಾರು?

ಅಕ್ಟೋಬರಿನ ಆ ಶನಿವಾರ ಗಾಡಿ ನಿಲ್ಲಿಸಿದ ಕೂಡಲೇ ವೆಂಡೆಲ್ ಪ್ರಾಥರ್ ಓಡಿಬಂದ. ರಾಯ್ಸ್‌ನ ಗೆಳೆಯ, ಕ್ಲಬ್ಬಿನಲ್ಲಿ ಅವನ ಹೆಸರು 'ಕೋಳಿಕಳ್ಳ'. ಕಂಕುಳಲ್ಲಿ ಕಂಬಳಿ ಸುತ್ತಿದ ರೈಫಲ್.

"ಲೇ ಊಟಕ್ಕೆ ತಡ! ಇನ್ನೊಂದು ಕುಂಟು ನೆಪ ಹೇಳಿದ್ಯೋ, ಇದರ ಹಿಡಿಯಲ್ಲೇ ನಿನ್ನ ತಲೆಗೆ ಬಿಡ್ತೀನಿ. ಹಿಡ್ಕೋ."

ಸಾವಿರದೆಂಟುನೂರ ಎಪ್ಪತ್ತಮೂರರ ಮಾದರಿ, ಹಿತ್ತಾಳೆಯ ಹೊಟ್ಟೆ. ಕೆಲಸ ಬಲ್ಲವನೊಬ್ಬ ಒಳಗಿನ ಕೊಂಡಿಗಳನ್ನೆಲ್ಲ ಉಜ್ಜಿ ಹದ ಮಾಡಿದ್ದ. ಬೇರೆ ರೈಫಲ್ಲಿನ ಲಿವರ್ ಒಂದು ಗೇಣು ಹೋದರೆ ಇದರದು ನಾಲ್ಕು ಬೆರಳು. ರಾಯ್ಸ್ ಅಲ್ಲೇ ಖಾಲಿ ರೈಫಲ್ ಆಡಿಸಿ ನೋಡಿದ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಯಿತು, ಬಂತು. ಲವೋನ್ ಅವನ ಬಾಯಿ ನೋಡಿದಳು. ಏನು ಕೊಂಕು ಬರುತ್ತದೋ ಅಂತ ಕಾದಳು.

"ಯಾವ ದೇಶದ್ದೋ ಇದು?" ಅಂದ ರಾಯ್ಸ್.

"ಇಟಲಿ."

"ಹೂಂ," ಅಂದ ರಾಯ್ಸ್. ಅಷ್ಟೇ. ಮುಖ ಸಪ್ಪಗಾಯಿತು. ಬೇಡ ಅನ್ನಲು ಏನೂ ಸಿಗಲಿಲ್ಲ ಅಂತ ಲವೋನ್‌ಗೆ ಗೊತ್ತಾಯಿತು. ಅವಳು ಹೆದರಿದಳು.

ಯಾಕೆಂದರೆ ಆ ಕೈಯ ಗುಟ್ಟು ಅವಳಿಗೆ ಗೊತ್ತಿತ್ತು. ಬಲ ಬರುತ್ತಿತ್ತು, ದಿಟ. ಆದರೆ ಐದು ಬೆರಳೂ ಒಂದೇ ಸಲ ಮುಚ್ಚುತ್ತಿದ್ದವು. ನೀನೊಬ್ಬ ಸ್ವಲ್ಪ ತಾಳು ಅಂದರೆ ಯಾವ ಬೆರಳೂ ಕೇಳುತ್ತಿರಲಿಲ್ಲ, ಟ್ರಿಗರ್ ಒತ್ತುವ ಬೆರಳೂ. ಬಿಗಿ ಲಿವರಿನ ಹನ್ನೊಂದು ರೈಫಲ್ಲುಗಳು ಅವನನ್ನು ಸೋಲಿಸಿ ಸುಮ್ಮನಾಗುತ್ತಿದ್ದವು. ಇದು ಸೋಲಿಸುವ ಪೈಕಿ ಅಲ್ಲ. ಇದು ಕರೆದಲ್ಲಿಗೆ ಬರುವ ರೈಫಲ್, ಮುಷ್ಟಿ ಮುಚ್ಚಿದರೆ ಸಿಡಿಯುವುದೇ.

"ಹೊಸ ರೈಫಲ್ಲು. ಇವತ್ತೇ ಯಾಕೆ ಹೊಡೀಬೇಕು?" ಅಂದಳು.

"ಇವತ್ತು ಬಿಟ್ರೆ ಇನ್ಯಾವತ್ತು ಕಣೇ?"

ಅವಳು ಬಗ್ಗಿ ಅವನ ಜಾಕೀಟಿನ ಗುಂಡಿ ಹಾಕಿದಳು.

ಮೊದಲ ಎರಡು ಸುತ್ತು ಚೆನ್ನಾಗಿಯೇ ಆಯಿತು. ಎರಡರಲ್ಲೂ ರೈಫಲ್ಲನ್ನು ಭುಜಕ್ಕೆ ಏರಿಸಿಕೊಂಡೇ ಶುರು ಮಾಡಬೇಕಿತ್ತು. ಅವನು ನಿಧಾನ ಹೊಡೆದ, ಒಂದೊಂದು ಗುಂಡಿಗೂ ಉಸಿರು ಬಿಟ್ಟು ಹೊಡೆದ. ಇಪ್ಪತ್ತರಲ್ಲಿ ಹದಿನೆಂಟು ತಟ್ಟೆ ಠಣ್ ಅಂದವು. ಜನ ಸಿಳ್ಳೆ ಹಾಕಿದರು. ಯಾರೋ ಲವೋನ್ ಕೈಗೆ ಹಸಿಮೆಣಸಿನ ಬರಿಟೋ ಸುರುಳಿರೊಟ್ಟಿ ತುರುಕಿದರು. ಅವಳು ಎರಡು ಕಚ್ಚು ಕಚ್ಚಿ ಹಿಡಿದುಕೊಂಡೇ ಇದ್ದಳು. ಒಂದು ಗಳಿಗೆ ಅವಳಿಗೂ ಆಸೆ ಹುಟ್ಟಿತು, ಸುಳ್ಳೇಕೆ.

ಮೂರನೆಯ ಸುತ್ತು ಸೆರೆಮನೆಯ ಎದುರು. ರೈಫಲ್ ಮೇಜಿನ ಮೇಲೆ ಮಲಗಿರಬೇಕು, ಬಾಯಿ ಗುರಿಯ ಕಡೆಗೆ, ಒಳಗೆ ಹತ್ತು ತೋಟಾ, ನಳಿಗೆ ಮಾತ್ರ ಖಾಲಿ. ಟೈಮರ್ ಕೂಗಿದ ಮೇಲೆ ಎತ್ತಿ, ಲಿವರ್ ಎಳೆದು, ಹೊಡೆಯಬೇಕು. ಟೈಮರ್ ವೆಂಡೆಲ್‌ನ ಕೈಯಲ್ಲಿತ್ತು. ಎಷ್ಟು ಗುಂಡು ತಪ್ಪಿತು ಅಂತ ಎಣಿಸಲು ಮೂವರು: ಬುಸ್ತಮಾಂತೆ ಅನ್ನುವ ಹಂದಿ ಸಾಕುವವ, ಅವನ ತಮ್ಮ, ಮತ್ತು ಲವೋನ್. ಎಣಿಸುವವರು ತಟ್ಟೆ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಬಾರದು. ಅದು ಅಲ್ಲಿನ ಮೊದಲ ಪಾಠ.

ಸುತ್ತು ಶುರುವಾಗುವ ಮುಂಚೆ ಹೊಡೆಯುವವನು ಒಂದು ಮಾತು ಹೇಳಬೇಕು. ಅವತ್ತಿನ ಮಾತು ಬರೆದವನಿಗೆ ಹಸಿವಾಗಿದ್ದಿರಬೇಕು.

"ನನ್ನ ಹುರುಳಿ ಸಾರಿಗೆ ಕೈ ಹಾಕಿದವನು ಯಾವನೋ?" ಅಂತ ರಾಯ್ಸ್ ಗುಡುಗಿದ. ನಾಲಗೆ ಸ್ವಲ್ಪ ತೊದಲಿತು. ಟೈಮರ್ ಕೂಗಿತು.

ಆಗ ಆದದ್ದು ಇಷ್ಟು. ಈ ಆಟದಲ್ಲಿ ಪಳಗಿದವರಿಗೆ ಒಂದು ಚಟವಿದೆ. ರೈಫಲ್ ಮೇಜಿನಿಂದ ಭುಜಕ್ಕೆ ಏರುವ ದಾರಿಯಲ್ಲೇ ಲಿವರ್ ಎಳೆದುಬಿಡುತ್ತಾರೆ. ಅರ್ಧ ಸೆಕೆಂಡು ಉಳಿಯುತ್ತದೆ ಅಂತ. ಅವತ್ತು ಅವನಿಂದ ಅರ್ಧ ಸೆಕೆಂಡು ಕೇಳಿದವರು ಯಾರು? ಯಾರೂ ಇಲ್ಲ. ಇಪ್ಪತ್ತೆರಡು ವರ್ಷದ ಚಟ, ಕೈ ತಾನೇ ಎಳೆಯಿತು. ಐದು ಬೆರಳೂ ಒಟ್ಟಿಗೆ ಮುಚ್ಚಿದವು. ರೈಫಲ್ಲಿನ ಬಾಯಿ ಇನ್ನೂ ಕೆಳಗಿತ್ತು. ಢಂ ಅಂತು. ಮೇಜಿನ ಮುಂದೆ ಕೆಂಪು ಮಣ್ಣು ಎದ್ದು ಅವನದೇ ಬೂಟಿನ ಮೇಲೆ ಬಿತ್ತು.

ವೆಂಡೆಲ್ ಬಾಯಿ ತೆರೆದ. ನಿಲ್ಲಿಸು ಅನ್ನಬೇಕಿತ್ತು. ಅನ್ನಲಿಲ್ಲ. ರಾಯ್ಸ್ ಭುಜಕ್ಕೆ ಏರಿಸಿ ಉಳಿದ ಒಂಬತ್ತನ್ನೂ ಹೊಡೆದ. ಒಂಬತ್ತೂ ಠಣ್ ಅಂದವು.

"ಎಷ್ಟು ತಪ್ಪು?" ಅಂದ ವೆಂಡೆಲ್.

ಬುಸ್ತಮಾಂತೆ ಒಂದು ಬೆರಳು ಎತ್ತಿದ. ಅವನ ತಮ್ಮನೂ ಒಂದು ಎತ್ತಿದ. ಇಬ್ಬರೂ ತಟ್ಟೆ ನೋಡುತ್ತಿದ್ದವರು, ಸುಳ್ಳು ಹೇಳುತ್ತಿರಲಿಲ್ಲ. ಮೂವರಲ್ಲಿ ಇಬ್ಬರದು ಕೂಡಿದರೆ ಲೆಕ್ಕ ಮುಗಿಯಿತು. ಲವೋನ್ ಬೆರಳನ್ನೂ ಎತ್ತಬೇಕಿರಲಿಲ್ಲ, ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಾಕಿತ್ತು.

ಗುಂಡು ಹೊಡೆದವನಿಂದ ಐದು ಅಡಿಯೊಳಗೆ ನೆಲಕ್ಕೆ ಬಿದ್ದರೆ ಅವನು ಅವತ್ತಿಗೆ ಮನೆಗೆ. ರಾಯ್ಸ್‌ಗೆ ಅವತ್ತಿಗಲ್ಲ, ಯಾವತ್ತಿಗೂ. ವೆಂಡೆಲ್ ಅವಳನ್ನೇ ನೋಡುತ್ತಿದ್ದ, ಬೇಡಿಕೊಳ್ಳುವವನ ಹಾಗೆ. ಅವಳಿಗೆ ಎಷ್ಟು ಸುಸ್ತಾಗಿತ್ತೆಂದರೆ ಅಲ್ಲೇ ಮಣ್ಣಿನ ಮೇಲೆ ಕೂತುಬಿಡೋಣ ಅನ್ನಿಸಿತು. ಹೋಗಲಿ, ಅವನು ಗೆದ್ದ ಅಂತಾಗಲಿ, ಎಲ್ಲರೂ ಬೆನ್ನು ತಟ್ಟಲಿ. ಮುಂದಿನ ತಿಂಗಳು ಮತ್ತೆ ಇದೇ ಮೇಜು, ಇದೇ ರೈಫಲ್, ಇದೇ ಕೈ. ಆಗ ಮಣ್ಣಿಗೇ ಬೀಳುತ್ತದೆ, ಯಾರ ಕಾಲಿಗೂ ಬೀಳುವುದಿಲ್ಲ ಅಂತ ಯಾರು ಬರೆದುಕೊಡುತ್ತಾರೆ?

ಅವಳು ಬೆರಳು ಎತ್ತಲಿಲ್ಲ. ರೈಫಲ್ ಲಿವರ್ ತೆರೆದು ಖಾಲಿಯಾಗಿದ್ದನ್ನು ನೋಡಿ, ಮೇಜನ್ನು ಬಳಸಿಕೊಂಡು ಮುಂದೆ ಹೋದಳು. ಮಣ್ಣು ಸೀಳಿದ ಜಾಗದ ಮೇಲೆ ಬೂಟು ಇಟ್ಟು ನಿಂತಳು.

"ನಾಲ್ಕು ಅಡಿ," ಅಂದಳು. "ನಾಲ್ಕೂ ಇಲ್ಲವೇನೋ."

"ಲವೋನ್, ಬಿಡಮ್ಮಾ," ಅಂದ ವೆಂಡೆಲ್. "ನಾನು ನೋಡಿದೆ, ಹತ್ತು ಅಡಿ ದಾಟಿತ್ತು..."

"ಹತ್ತು ಅಡಿ ಎಲ್ಲಿದೆ ತೋರಿಸು, ವೆಂಡೆಲ್. ಬಾ, ನಿಂತು ತೋರಿಸು."

ಅವನು ಟೋಪಿ ತೆಗೆದು ಅದರ ಅಂಚು ನೋಡುತ್ತಾ ನಿಂತ. ರಾಯ್ಸ್‌ನ ಕತ್ತು ಕೆಂಪಾಯಿತು.

"ನಿನ್ನ ಕೆಲಸ ತಟ್ಟೆ ನೋಡೋದು," ಅಂದ. "ನನ್ನ ಕೈ ನೋಡು ಅಂತ ಯಾರು ಹೇಳಿದ್ರು ನಿನಗೆ?"

"ಎಂಟು ತಿಂಗಳಿಂದ ನಾನು ಬೇರೆ ಏನನ್ನೂ ನೋಡಿಲ್ಲ ರಾಯ್ಸ್."

ಹೇಳಬೇಕೆಂದು ಹೇಳಿದ ಮಾತಲ್ಲ, ಬಾಯಿಂದ ಬಿದ್ದುಹೋಯಿತು. ಅವಳಿಗೆ ನಾಚಿಕೆಯಾಯಿತು, ಇಷ್ಟು ಜನರೆದುರು. ರಾಯ್ಸ್ ರೈಫಲ್ಲನ್ನು ಎಡಗೈಯಲ್ಲಿ ಎತ್ತಿ, ಬಾಯಿ ಮೇಲಕ್ಕೆ ಮಾಡಿ, ಬಂದೂಕು ಖಾಲಿ ಅಂತ ತೋರಿಸುವ ಮೇಜಿಗೆ ನಡೆದ. ಅಲ್ಲಿ ಕೂತಿದ್ದ ಮುದುಕಿಗೆ ನಿಯಮದಂತೆ ನಳಿಗೆ ತೋರಿಸಿದ. ಆಮೇಲೆ ವೆಂಡೆಲ್‌ನ ಕೈಗೆ ಕೊಟ್ಟ.

"ಒಳ್ಳೇ ರೈಫಲ್ ಕಣೋ. ಇದನ್ನ ಮಾರಬೇಡ."

ಗಾಡಿ ಮೂರು ಮೈಲು ಬಂತು. ಡಾಂಬರು ರಸ್ತೆ ಇನ್ನೂ ಸಿಕ್ಕಿರಲಿಲ್ಲ. ಚಕ್ರದಡಿ ಕಲ್ಲು ಸಿಡಿಯುತ್ತಿದ್ದವು. ಅವಳು ಬೈಗುಳಕ್ಕೆ ಕಾದಿದ್ದಳು. ಬೈದರೆ ಬೈಯಲಿ, ತಿರುಗಿ ಬೈಯಲು ಅವಳ ಹತ್ತಿರವೂ ಬೇಕಾದಷ್ಟಿತ್ತು.

"ಮೊದಲನೇ ಗುಂಡು ಬಿದ್ದ ಕೂಡಲೇ ನಾನೇ ರೈಫಲ್ ಕೆಳಗಿಡಬೇಕಿತ್ತು," ಅಂದ ರಾಯ್ಸ್. "ಇಪ್ಪತ್ತೆರಡು ವರ್ಷ ಬೇರೆಯವರಿಗೆ ಅದನ್ನೇ ಹೇಳಿಕೊಟ್ಟೆ. ಈ ಕೈ ಇನ್ನು ಆಗದು ಅಂತ ನನಗೆ ಜೂನಿನಿಂದಲೇ ಗೊತ್ತಿತ್ತು. ಬಾಯಿ ಬರಲಿಲ್ಲ. ಕೊನೆಗೆ ನಿನ್ನ ಕೈಲಿ ಹೇಳಿಸಿದೆ."

ಲವೋನ್ ಗಾಡಿಯನ್ನು ಪಕ್ಕಕ್ಕೆ ತೆಗೆದು ಬೇಲಿಯ ಹತ್ತಿರ ನಿಲ್ಲಿಸಿದಳು.

"ಜೂನಿನಿಂದ?" ಅಂದಳು. "ಜೂನಿನಿಂದ ಗೊತ್ತಿದ್ದೂ ನನ್ನನ್ನ ಲಾಸ್ ಕ್ರೂಸಸ್‌ವರೆಗೆ ಓಡಿಸಿದ್ಯಾ? ನೀನು ಮನುಷ್ಯನಾ, ಕತ್ತೆಯಾ?"

"ಕತ್ತೆ," ಅಂದ ಅವನು. "ಹುಡುಕೋದು ನಿಲ್ಲಿಸಿದ್ರೆ ಮನೆಯಲ್ಲಿ ಒಬ್ಬ ರೋಗಿ, ಒಬ್ಬಳು ನರ್ಸು, ಅಷ್ಟೇ ಉಳಿಯೋದು ಅನ್ನಿಸ್ತು ಕಣೇ. ಗಾಡೀಲಿ ಕೂತ್ರೆ ನಾವಿಬ್ಬರೂ ಎಲ್ಲಿಗೋ ಹೊರಟವರ ಹಾಗಿರ್ತಿದ್ವಿ."

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಎರಡರಲ್ಲಿ ಯಾವುದನ್ನೂ ನಡೆಸಿಕೊಡುವ ತ್ರಾಣ ಇರಲಿಲ್ಲ. ಟೋಪಿ ತೆಗೆದು ಹಿಂದಿನ ಸೀಟಿಗೆ ಎಸೆದಳು.

"ನನಗೆ ಸಾಕಾಗಿದೆ ರಾಯ್ಸ್. ನಿನ್ನಿಂದಲ್ಲ. ಸುಮ್ಮನೆ ಸಾಕಾಗಿದೆ."

"ಗೊತ್ತು."

"ಇಲ್ಲೇ ಸ್ವಲ್ಪ ಹೊತ್ತು ಮಲಗ್ತೀನಿ. ಎಬ್ಬಿಸಬೇಡ."

"ಮಲಕ್ಕೋ. ನಾನಿದೀನಿ."

ಅವನ ಕೈ ಎಲ್ಲಿದೆ, ಏನು ಮಾಡುತ್ತಿದೆ ಅಂತ ನೋಡದೆ ಅವಳು ಸೀಟು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದಳು. ಬಿಸಿಲು ಪಕ್ಕದ ಗಾಜಿನಿಂದ ಅವಳ ಮುಖದ ಮೇಲೆ ಬಿದ್ದಾಗ ರಾಯ್ಸ್ ತನ್ನ ಜಾಕೀಟು ಬಿಚ್ಚಲು ಹೊರಟ. ನಾಲ್ಕು ಗುಂಡಿ, ಒಂದೊಂದಕ್ಕೂ ಬಹಳ ಹೊತ್ತು ಹಿಡಿಯಿತು. ಬಿಚ್ಚಿ ಗಾಜಿಗೆ ಅಡ್ಡ ಕಟ್ಟಿದ. ಅವಳನ್ನು ಎಬ್ಬಿಸಲಿಲ್ಲ.