ಮೂಗಿನ ತನಕ ಬಂದ ಮದುಮಗಳು

ಮದುಮಗಳ ಮುಖ ಮೂಗಿನ ತನಕ ಮೂಡಿ ಅಲ್ಲೇ ನಿಂತುಬಿಟ್ಟಿತು. ಪರದೆಯ ಮೇಲೆ ಉಂಗುರ ಸುತ್ತಿತು, ಸುತ್ತಿತು, ಕೊನೆಗೆ ಮೆಮೊರಿ ಸಾಲದು ಎಂಬ ಸೂಚನೆ ಬಂತು. ಅರ್ಚನಾ ಮೌಸಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಮತ್ತ ನಿಂತತೇನು?" ಗಂಡ ಪ್ರವೀಣಕುಮಾರ್ ಬಾಗಿಲಲ್ಲಿ ಕ್ಯಾಮೆರಾದ ಚೀಲ ಹೊತ್ತುಕೊಂಡೇ ಕೇಳಿದ.

"ನಿಂತೈತ್ರಿ. ಹಳೇ ಸಿಸ್ಟಮ್, ಪಾಪ, ಅದರ ತಪ್ಪೇನೈತಿ."

ಪಾಪ ಅಂದದ್ದು ಸರಿಯೇ. ತಪ್ಪು ಸಿಸ್ಟಮ್ಮಿನದಲ್ಲ, ಅವಳದೇ.

ಮದುವೆಗೆ ಮುಂಚೆ ಅವಳು ಕೂಡ್ಲಿಗಿಯ ಒಂದು ಸ್ಟುಡಿಯೋದಲ್ಲಿ ಆಲ್ಬಮ್ ಡಿಸೈನ್ ಮಾಡುತ್ತಿದ್ದಳು. ಎದುರಿಗೆ ಗಾಜಿನ ಬಾಗಿಲು, ಅದರಾಚೆ ರಸ್ತೆ, ಬಸ್ಸು, ಜನ. ಕೊಟ್ಟೂರಿಗೆ ಬಂದ ಮೇಲೆ ಕೆಲಸ ಅದೇ, ಜಾಗ ಮಾತ್ರ ಹಿಂದಿನ ಕೋಣೆ. ಜೋಳದ ಚೀಲ, ಒಡೆದ ಮಿಕ್ಸರ್, ಅತ್ತೆಯ ಹಳೇ ಹಾಸಿಗೆ, ಮನೆಯಲ್ಲಿ ಎಲ್ಲೂ ಹಿಡಿಸದೇ ಹೋದದ್ದೆಲ್ಲ ಅಲ್ಲಿಗೇ ಬರುತ್ತಿತ್ತು. ಕಿಟಕಿ ತೆರೆದರೆ ಪಕ್ಕದವರ ಗೋಡೆ ಕೈಗೆ ಸಿಗುತ್ತಿತ್ತು.

ಯುಗಾದಿಯಲ್ಲಿ ಅವಳು ರಸ್ತೆಗೆ ಮುಖ ಮಾಡಿದ ಒಂದು ಅಂಗಡಿ ಬೇಕೆಂದು ಬಾಯಿಬಿಟ್ಟು ಕೇಳಿದ್ದಳು. "ಈ ಸಿಸ್ಟಮ್ ಕೈಕೊಟ್ಟ ದಿನ ಬಸ್ ಸ್ಟ್ಯಾಂಡ್ ಹತ್ರ ಅಂಗಡಿ ಹಿಡಿಯೋಣ. ಹೊಸಾದು ತಂದು ನಿನ್ನ ಅಲ್ಲೇ ಕುಂದರಸ್ತೀನಿ," ಎಂದಿದ್ದ ಪ್ರವೀಣ. ಹಾಗೆಂದ ಮಹಾರಾಯ ಮುಂದಿನ ತಿಂಗಳೇ ಹಳೇ ಹಾರ್ಡ್ ಡಿಸ್ಕಿನ ಪಕ್ಕಕ್ಕೆ ಒಂದು ಸಣ್ಣ ಎಸ್ಎಸ್‌ಡಿ ಎಂಬ ವೇಗದ ಡಿಸ್ಕು ಹಾಕಿಸಿಕೊಂಡು ಬಂದ. ಸತ್ತಂತಿದ್ದ ಸಿಸ್ಟಮ್ ಎದ್ದು ಓಡತೊಡಗಿತು. ಅವತ್ತು ಅರ್ಚನಾಗೆ ಅನ್ನ ಸೇರಲಿಲ್ಲ.

ಸಿಸ್ಟಮ್ಮಿನ ಮೆಮೊರಿ ತುಂಬಿದಾಗ ಉಳಿದದ್ದನ್ನು ಇಳಿಸಿಡಲು ಡಿಸ್ಕಿನಲ್ಲಿ ಒಂದಿಷ್ಟು ಜಾಗ ಬೇಕು. ವರ್ಚುವಲ್ ಮೆಮೊರಿ ಅಂದರೆ ಇಷ್ಟೇ. ಒಂದು ಮಧ್ಯಾಹ್ನ, ಎಲ್ಲರೂ ಮಲಗಿದ್ದಾಗ, ಸಿಸ್ಟಮ್ ಕೈಕೊಡಲಿ ಎಂದೇ ಅವಳು ಆ ಜಾಗವನ್ನು ಹೊಸ ಡಿಸ್ಕಿನಿಂದ ಕಿತ್ತು, ತೆವಳುವ ಹಳೇ ಡಿಸ್ಕಿಗೆ ಕೊಟ್ಟಳು. ಅದೂ ಚಿಟಿಕೆಯಷ್ಟು. ಅವತ್ತಿನಿಂದ ದೊಡ್ಡ ಫೋಟೊ ತೆರೆದರೆ ಸಾಕು, ಸಿಸ್ಟಮ್ ಉಸಿರುಗಟ್ಟಿ ನಿಲ್ಲುತ್ತಿತ್ತು.

"ಉಜ್ಜಿನಿ ಪಾಲಾಕ್ಷಪ್ಪ ಫೋನ್ ಮ್ಯಾಲ ಫೋನ್ ಮಾಡಾಕತ್ಯಾನ," ಎಂದ ಪ್ರವೀಣ. "ಮಗಳು ರೋಜಾ ಗಂಡನ ಮನಿಗೆ ಹೊಂಟಾಳಂತ. ಆಲ್ಬಮ್ ಇಲ್ದ ಹೋಗಂಗಿಲ್ಲ ಅಂತ ಕುಂತಾಳಂತ."

"ಈ ಸಿಸ್ಟಮ್ ಇನ್ನ ಆಗಂಗಿಲ್ರಿ."

"ಹೂಂ, ನನಗೂ ಹಂಗ ಅನ್ನಿಸ್ತು."

ಬಸ್ ಸ್ಟ್ಯಾಂಡಿನ ಗದ್ದಲ ಅರ್ಚನಾಳ ಕಿವಿಗೆ ಬಿದ್ದಂತಾಯಿತು.

"ಅದಕ್ಕ ದಾವಣಗೆರಿ ಪ್ರಿಂಟಿಂಗ್ ಲ್ಯಾಬಿನವರ ಕೂಡ ಮಾತಾಡೀನಿ. ಇನ್ಮ್ಯಾಲ ಡಿಸೈನೂ ಅವರ ಮಾಡ್ತಾರ. ಫೋಟೊ ಕಳಿಸಿದ್ರ ಸಾಕು, ಆಲ್ಬಮ್ ಆಗಿ ಬರತೈತಿ. ನಿನಗೂ ಕಣ್ಣುರಿ ತಪ್ಪತೈತಿ."

"ಅಂಗಡಿ ಹಿಡಿಯೋಣ ಅಂದಿದ್ರಲ್ಲ?"

"ಕೆಲಸನ ಅಲ್ಲಿ ಆದ್ರ ಇಲ್ಲಿ ಅಂಗಡಿ ಯಾಕ ಬೇಕು?"

ಅವನ ಮುಖದಲ್ಲಿ ಕಪಟವೇನೂ ಇರಲಿಲ್ಲ. ಅದನ್ನು ಕಂಡೇ ಅವಳಿಗೆ ಹೆಚ್ಚು ಭಯವಾಯಿತು. ಅಡುಗೆಮನೆಯಿಂದ ಅತ್ತೆ ನಾಗಲಿಂಗಮ್ಮ, "ಚಲೋ ಆತು ಬಿಡು. ಆ ಮೇಜು ಎತ್ತಿದ್ರ ಉಳ್ಳಾಗಡ್ಡಿ ಹರವಾಕ ಜಾಗ ಆಕ್ಕೈತಿ," ಎಂದರು.

ಅರ್ಚನಾ ಪರದೆಯತ್ತ ತಿರುಗಿದಳು. ರೋಜಾಳ ಎರಡು ಕಣ್ಣು, ಅರ್ಧ ಮೂಗು. ಬಾಯಿ ಇನ್ನೂ ಬಂದಿರಲಿಲ್ಲ.

"ಸ್ವಲ್ಪ ತಡೀರಿ. ಒಂದ್ಸಲ ನೋಡ್ತೀನಿ."

ಪರದೆಯ ಮೇಲೆ ಒಂದೊಂದೇ ಕಿಟಕಿ ತೆರೆದು ಅವತ್ತಿನ ಅದೇ ಸೆಟ್ಟಿಂಗಿಗೆ ಹೋದಳು. ಹಳೇ ಡಿಸ್ಕಿಗೆ ಏನೂ ಬೇಡ ಎಂದಳು. ಹೊಸದನ್ನು ಆರಿಸಿ, ಎಷ್ಟು ಬೇಕೋ ಅಷ್ಟು ತಗೋ ಎಂದು ಬಿಟ್ಟುಕೊಟ್ಟಳು. ಸರಿ ಎಂಬಲ್ಲಿ ಒತ್ತಿದಳು. ಸಿಸ್ಟಮ್ ಆರಿ ಮತ್ತೆ ಹತ್ತಿಕೊಂಡಿತು. ಫೋಟೊ ತೆರೆದಳು. ರೋಜಾ ಹಣೆಯ ಬಾಸಿಂಗದಿಂದ ಕೊರಳ ತಾಳಿಯ ತನಕ ಒಮ್ಮೆಗೇ ಬಂದು ನಕ್ಕಳು.

"ಹೊಸಾದ್ರಂಗ ಆತಲ್ಲ!" ಪ್ರವೀಣ ಅವಳ ಭುಜ ತಟ್ಟಿದ. "ಏನ್ ಮಾಡ್ದಿ?"

"ಏನಿಲ್ರಿ. ಒಂದು ಸೆಟ್ಟಿಂಗ್ ತಪ್ಪಿತ್ತು."

"ನೀ ಇದ್ರ ಇದು ಇನ್ನೂ ನಾಕು ವರ್ಷ ಓಡತೈತಿ ತಗೋ. ಲ್ಯಾಬಿನವರಿಗೆ ಬ್ಯಾಡ ಅಂತೀನಿ."

ಅವನು ಫೋನ್ ಹಚ್ಚಿಕೊಂಡು ಹೊರಗೆ ಹೋದ. ನಾಗಲಿಂಗಮ್ಮ ಈರುಳ್ಳಿಯ ಚೀಲವನ್ನು ದರದರ ಎಳೆದು ತಂದು ಬಾಗಿಲಲ್ಲಿ ನಿಂತರು. "ಈಗ ಇದನ್ನ ಎಲ್ಲಿಡ್ಲೇ ಯವ್ವಾ?"

ಅರ್ಚನಾ ಕುರ್ಚಿಯನ್ನು ಮೇಜಿಗೆ ಒತ್ತಿ ಎಳೆದುಕೊಂಡು ಬೆನ್ನಹಿಂದೆ ಜಾಗ ಮಾಡಿಕೊಟ್ಟಳು.