ಹನ್ನೊಂದು ಗೋಡೆಗಳು

ಹೆಪ್ಸಿ ರಜ್‌ಳ ಗಂಡ ಈನಕ್ ಹಳೆಯ ಸಿಪಾಯಿ. ೧೯೧೪ರ ಆಗಸ್ಟಿನಲ್ಲಿ ಯುದ್ಧ ಶುರುವಾದ ವಾರವೇ ಅವನಿಗೆ ಕರೆ ಬಂತು. ಅಲ್ಲಿಯವರೆಗೆ ಮ್ಯಾಂಚೆಸ್ಟರ್ ಹತ್ತಿರದ ನಮ್ಮ ಥಾರ್ನ್‌ಕ್ಲಫ್ ಊರಿನ ಗೋಡೆಗಳಿಗೆ ಜಾಹೀರಾತು ಅಂಟಿಸುತ್ತಿದ್ದವನು ಅವನೇ. ಅವನು ಹೋದ ಮೂರನೆಯ ದಿನ ಹೆಪ್ಸಿ ಜಾಹೀರಾತು ಕಂಪನಿಯ ಮಾಲೀಕ ಟನಿಕ್ಲಿಫ್ ಹತ್ತಿರ ಹೋಗಿ, ಗಂಡನ ಕೆಲಸ ತನಗೆ ಕೊಡಬೇಕು ಎಂದಳು. ಆತ ನಕ್ಕ. ಹೆಂಗಸು ಏಣಿ ಹತ್ತುವುದೆಂದರೇನು, ಬೆಟ್ಟದ ಗಾಳಿ ಲಂಗಕ್ಕೆ ಬೀಸಿದರೆ ಊರೆಲ್ಲ ಸೇರುತ್ತದೆ ಎಂದ.

"ಗಾಳಿ ಪ್ಯಾಂಟಿಗೂ ಬೀಸುತ್ತೆ, ಯಜಮಾನ್ರೇ. ಈನಕ್ ಎರಡು ಸಲ ಬಿದ್ದಿದ್ದು ಮತ್ಯಾಕೆ? ನಾನು ಲಂಗಕ್ಕೆ ಪಿನ್ನು ಹಾಕ್ಕೊಂಡೇ ಬಂದಿದೀನಿ."

ಅವತ್ತೇ ಅವನ ಕಣ್ಣೆದುರು ಗಿರಣಿಯ ಪಕ್ಕದ ಎತ್ತರದ ಗೋಡೆಗೆ ಹದಿನಾರು ಹಾಳೆಗಳ ಸಾಬೂನಿನ ಜಾಹೀರಾತು ಅಂಟಿಸಿದಳು. ಒಂದು ಸುಕ್ಕಿಲ್ಲ, ಒಂದು ಗುಳ್ಳೆಯಿಲ್ಲ. ಟನಿಕ್ಲಿಫ್ ತಲೆಯೆತ್ತಿ ಬಹಳ ಹೊತ್ತು ನೋಡಿದ. ನಾಳೆ ಆರು ಗಂಟೆಗೆ ಬಾ ಅಂದ.

ನಾನು ಅದೇ ಗಿರಣಿಯಲ್ಲಿ ನೇಯುತ್ತಿದ್ದವಳು. ಹೆಪ್ಸಿ ನಮ್ಮ ಬೀದಿಯವಳೇ. ಆದ್ದರಿಂದ ಮುಂದಿನದನ್ನು ನಾನು ಸ್ವಲ್ಪ ಕಂಡೆ, ಉಳಿದದ್ದನ್ನು ಅವಳ ಬಾಯಿಂದಲೇ ಕೇಳಿದೆ.

ಶರತ್ಕಾಲಕ್ಕೆ ಸಾಬೂನು, ಚಹಾ, ನಾಟಕದ ಜಾಹೀರಾತುಗಳೆಲ್ಲ ಹಿಂದೆ ಸರಿದವು. ಸೇನೆಗೆ ಸೇರಿ ಎಂದು ಕರೆಯುತ್ತ ಕಟ್ಟುಕಟ್ಟಾಗಿ ಬಂದದ್ದು ಯುದ್ಧಮಂತ್ರಿ ಲಾರ್ಡ್ ಕಿಚ್ನರ್‌ನ ಮುಖ. ಸೇನೆಯ ಟೋಪಿ, ಪೊರಕೆಯಂಥ ಮೀಸೆ, ನೋಡಿದವರ ಎದೆಗೇ ಚಾಚಿದ ತೋರುಬೆರಳು. ಯಾವ ಮಗ್ಗುಲಿಗೆ ಸರಿದರೂ ಬೆರಳು ಜೊತೆಯಲ್ಲೇ ಬರುತ್ತಿತ್ತು. ಹೆಪ್ಸಿ ಅದನ್ನು ರೈಲು ನಿಲ್ದಾಣದಲ್ಲಿ, ಮಾರುಕಟ್ಟೆಯಲ್ಲಿ, ಮೂರು ಗಿರಣಿಗಳ ಬಾಗಿಲಲ್ಲಿ ಅಂಟಿಸಿದಳು. ಕೆಳಗೆ ನಿಂತ ಗಂಡಸರು, ಆ ಕಣ್ಣು ನಿನ್ನನ್ನೇ ನೋಡ್ತಿದೆ ಅಂತ ಚುಡಾಯಿಸಿದರೆ, ಬೆಳಗಿಂದ ಸಂಜೆವರೆಗೆ ನೋಡ್ತಾನೇ ಇದ್ದಾನೆ, ಇನ್ನೂ ಮದುವೆ ಮಾತು ಎತ್ತಿಲ್ಲ ಅನ್ನುತ್ತಿದ್ದಳು. ಆ ಚಿತ್ರದ ಬಗ್ಗೆ ಅವಳಿಗೆ ಬೇಸರವೇನೂ ಇರಲಿಲ್ಲ. ಗಂಡ ಫ್ರಾನ್ಸಿನಲ್ಲಿದ್ದ. ಅವನ ಪಕ್ಕಕ್ಕೆ ಇನ್ನಷ್ಟು ಜನ ಹೋದರೆ ಒಳ್ಳೆಯದೇ ಎಂದುಕೊಂಡಿದ್ದಳು.

ಅಕ್ಟೋಬರಿನಲ್ಲಿ ಮಾಡ್ಸ್ಲಿ ಅವಳನ್ನು ಕರೆಸಿದ. ಸೈಲಸ್ ಮಾಡ್ಸ್ಲಿ ಪುರಸಭೆಯ ಹಿರಿಯ ಸದಸ್ಯ, ಮದ್ಯದ ವ್ಯಾಪಾರಿ, ಊರಿನ ಸೇನಾಭರ್ತಿ ಸಮಿತಿಯ ಅಧ್ಯಕ್ಷ. ನುಣ್ಣಗೆ ಕ್ಷೌರ ಮಾಡಿದ ದುಂಡು ಮುಖ. ದಕ್ಷಿಣದಿಂದ ಬಂದು ಹತ್ತು ವರ್ಷವಾಗಿದ್ದರೂ ಗಿರಣಿಯೊಳಗೆ ಕಾಲಿಟ್ಟವನಲ್ಲ. ಅವನು ಒಂದು ಪಟ್ಟಿ ಕೊಟ್ಟ. ಅದರಲ್ಲಿ ಹನ್ನೊಂದು ಮನೆಗಳ ವಿಳಾಸವಿತ್ತು. ಪ್ರತಿ ಮನೆಯಲ್ಲೂ ವಯಸ್ಸಿಗೆ ಬಂದ ಗಂಡು ಮಗನಿದ್ದ, ಯಾರೂ ಸೇನೆಗೆ ಸೇರಿರಲಿಲ್ಲ. ಆ ಮನೆಗಳ ಮುಂಗೋಡೆಗೇ, ಬಾಗಿಲ ಪಕ್ಕದಲ್ಲಿ, ಕಿಚ್ನರ್‌ನನ್ನು ಅಂಟಿಸಬೇಕು ಎಂದ. ಬೀದಿಯವರೆಲ್ಲ ನೋಡಲಿ, ನಾಚಿಕೆಯಾದರೆ ತಾವಾಗಿಯೇ ಹೊರಡುತ್ತಾರೆ.

ಹೆಪ್ಸಿ ಪಟ್ಟಿಯನ್ನು ಮಡಚಿ ಜೇಬಿಗಿಟ್ಟಳು. ಗೋಡೆಯ ಕೆಲಸಕ್ಕೆ ಒಂದು ಹಳೆಯ ಕಟ್ಟಳೆಯಿದೆ. ಗೋಡೆ ಯಾರದೋ ಅವರ ಒಪ್ಪಿಗೆಯಿಲ್ಲದೆ ಒಂದು ಚೂರು ಕಾಗದವನ್ನೂ ಅಂಟಿಸುವಂತಿಲ್ಲ. ಈನಕ್ ಅದನ್ನು ಮುರಿದವನಲ್ಲ. ಅವಳೂ ಮುರಿಯುವವಳಲ್ಲ. ಆದ್ದರಿಂದ ಬಕೆಟ್ಟು, ಕುಂಚ ಹಿಡಿದು ಒಂದೊಂದೇ ಬಾಗಿಲು ತಟ್ಟಿದಳು.

ಮೊದಲ ಮನೆಯ ಹುಡುಗ ಎರಡು ದಿನದ ಹಿಂದೆಯೇ ಮ್ಯಾಂಚೆಸ್ಟರಿಗೆ ಹೋಗಿ ಸೇರಿಬಿಟ್ಟಿದ್ದ. ಎರಡನೆಯ ಮನೆಯಲ್ಲಿ ಅಪ್ಪ ಹತ್ತಿಯ ಧೂಳು ಕುಡಿದು ಹಾಸಿಗೆ ಹಿಡಿದಿದ್ದ, ಹಿರಿಯವನ ದುಡಿಮೆಯಲ್ಲಿ ಐದು ಜನ ಉಣ್ಣುತ್ತಿದ್ದರು. ಮೂರನೆಯ ಮನೆಯಾಕೆ ಚಿತ್ರ ನೋಡಿದವಳೇ ಬಾಗಿಲು ಹಾಕಿಕೊಂಡಳು. ಹೀಗೇ ಐದನೆಯ ಮನೆಗೆ ಬಂದಳು. ಅದು ಆಂಬ್ರೋಸ್ ಚೀತಮ್‌ನ ಮನೆ.

ಆಂಬ್ರೋಸ್ ನನ್ನ ಮಗ್ಗದಿಂದ ನಾಲ್ಕನೆಯ ಮಗ್ಗದವನು. ಗಟ್ಟಿಮುಟ್ಟಾದ ಆಳು, ಬಲು ತಮಾಷೆಯ ಮನುಷ್ಯ. ಗಿರಣಿಯೊಳಗೆ ಮಗ್ಗಗಳ ಸದ್ದಿಗೆ ನಮ್ಮ ದನಿ ನಮಗೇ ಕೇಳುವುದಿಲ್ಲ. ಹಾಗಾಗಿ ನಾವೆಲ್ಲ ದನಿಯಿಲ್ಲದೆ ತುಟಿ ಆಡಿಸಿ ಮಾತಾಡುತ್ತೇವೆ, ಇನ್ನೊಬ್ಬರ ತುಟಿ ನೋಡಿ ಅರ್ಥಮಾಡಿಕೊಳ್ಳುತ್ತೇವೆ. ಅದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಶೆಡ್ಡಿನ ಆ ಕೊನೆಯಲ್ಲಿ ಯಾರ ಮದುವೆ ಮುರಿಯಿತು ಅನ್ನುವುದನ್ನು ಈ ಕೊನೆಯಿಂದ ಓದಿ ನಮಗೆ ಹೇಳುತ್ತಿದ್ದ.

ಬಾಗಿಲಲ್ಲಿ ನಿಂತವನಿಗೆ ಹೆಪ್ಸಿ ಬಂದ ಕಾರಣ ಹೇಳಿದಳು. ಹೇಳುತ್ತ ಮುಜುಗರಕ್ಕೆ ಮುಖವನ್ನು ಬೀದಿಯ ಕಡೆ ತಿರುಗಿಸಿದಳು. ಉತ್ತರ ಬರಲಿಲ್ಲ. ಕೊಬ್ಬು ಎಂದುಕೊಂಡು ತಿರುಗಿ ನೋಡಿದರೆ, ಒಳಗೆ ಅವನ ತಾಯಿಯ ಕೈಯಿಂದ ಪಾತ್ರೆ ದಡಾರನೆ ಬಿದ್ದರೂ ಅವನು ಕದಲಲಿಲ್ಲ. ಹೆಪ್ಸಿಗೆ ತಟ್ಟನೆ ಹೊಳೆಯಿತು. ಈಗ ಅವನ ಮುಖಕ್ಕೆ ನೇರ ನೋಡಿ ಕೇಳಿದಳು.

"ಯಾವಾಗಿಂದ?"

"ಆರು ವರ್ಷದವನಿದ್ದಾಗ ಜ್ವರ ಬಂದಿತ್ತು. ಅವತ್ತಿಂದ ಎರಡೂ ಕಿವಿ ಕೇಳ್ಸಲ್ಲ."

ಅವನು ಅವಳನ್ನು ಒಳಗೆ ಕರೆದು ಕೂರಿಸಿದ. ಮೂರು ಸಲ ಮೂರು ಊರಿನ ಭರ್ತಿ ಕಚೇರಿಗೆ ಹೋಗಿ ಬಂದದ್ದನ್ನು ಹೇಳಿದ. ಎರಡು ಕಡೆ ಕಿವಿಗೆ ಗಡಿಯಾರ ಹಿಡಿದಾಗಲೇ ಸಿಕ್ಕಿಬಿದ್ದಿದ್ದ. ಮೂರನೆಯ ಡಾಕ್ಟರನ ತುಟಿ ಓದಿಕೊಂಡು ಹತ್ತು ಪ್ರಶ್ನೆಗೆ ಸರಿಯಾಗಿ ಉತ್ತರ ಕೊಟ್ಟಿದ್ದನಂತೆ. ಹನ್ನೊಂದನೆಯದನ್ನು ಆತ ಬೆನ್ನ ಹಿಂದೆ ನಿಂತು ಕೇಳಿದ. ಇದು ಊರಿಗೆ ಗೊತ್ತಾಗುವುದು ಬೇಡ ಎಂದು ಆಂಬ್ರೋಸ್ ಕೇಳಿಕೊಂಡ. ಒಂಬತ್ತು ವರ್ಷ ಅವನ ಹತ್ತಿರ ನೇಯ್ದ ನನಗೇ ಅದು ಗೊತ್ತಿರಲಿಲ್ಲ.

ಕೊನೆಗೆ ಅವನೇ ಆ ಚಿತ್ರವನ್ನು ಬಿಡಿಸಿ ನೋಡಿದ.

"ಬೇಕಾದ್ರೆ ಅಂಟಿಸಿ ಹೋಗಕ್ಕ. ಇವನ ಮೀಸೆ ಕೆಳಗೆ ತುಟೀನೇ ಕಾಣ್ಸಲ್ಲ. ಏನು ಬೈದ್ರೂ ನನಗೆ ತಿಳಿಯಲ್ಲ."

ಹೆಪ್ಸಿ ನಕ್ಕಳು. ಆದರೆ ತಮಾಷೆಯ ಮಾತನ್ನು ಒಪ್ಪಿಗೆ ಎಂದುಕೊಳ್ಳಲಿಲ್ಲ, ಅಂಟಿಸಲಿಲ್ಲ. ಉಳಿದ ಆರು ಬಾಗಿಲುಗಳನ್ನೂ ತಟ್ಟಿದಳು. ಯಾರೂ ಒಪ್ಪಲಿಲ್ಲ. ಹನ್ನೊಂದೂ ಚಿತ್ರಗಳನ್ನು ಹಾಗೇ ವಾಪಸು ತಂದಳು.

ಶನಿವಾರ ಮಧ್ಯಾಹ್ನ ಗಿರಣಿ ಬಿಟ್ಟ ಮೇಲೆ ಪುರಭವನದಲ್ಲಿ ಭರ್ತಿ ಸಭೆ. ವಾದ್ಯ, ಬಾವುಟ, ವೇದಿಕೆಯ ಹಿಂದೆ ಆಳೆತ್ತರದ ಕಿಚ್ನರ್. ನಾವು ನೇಕಾರರೇ ಮುನ್ನೂರು ಜನರಿದ್ದೆವು. ಮಾಡ್ಸ್ಲಿ ಚೆನ್ನಾಗಿಯೇ ಮಾತಾಡಿದ, ಏಳು ಹುಡುಗರು ಎದ್ದು ಹೆಸರು ಬರೆಸಿದರು. ಅದರ ಹುರುಪಿನಲ್ಲಿ ಅವನು ಹೆಪ್ಸಿಯನ್ನು ಎದ್ದು ನಿಲ್ಲಲು ಹೇಳಿ, ದೇಶದ ಕೆಲಸಕ್ಕೆ ಕೊಟ್ಟ ಹನ್ನೊಂದು ಚಿತ್ರಗಳು ಎಲ್ಲಿ ಹೋದವು ಅಂತ ಎಲ್ಲರೆದುರು ಕೇಳಿದ.

ಹೆಪ್ಸಿ ಎದ್ದಳು. ದನಿ ಏರಿಸಲಿಲ್ಲ. "ಗೋಡೆಯವರು ಒಪ್ಪಲಿಲ್ಲ, ಯಜಮಾನ್ರೇ. ಒಪ್ಪದೆ ಅಂಟಿಸೋದು ನಮ್ಮ ಕಸುಬಲ್ಲಿ ಇಲ್ಲ. ಹನ್ನೊಂದೂ ಹಾಗೇ ಇದಾವೆ. ನಿಮ್ಮನೇಲೂ ಇಪ್ಪತ್ತೆರಡರ ಮಗ ಪರ್ಸಿ ಇದಾನೆ. ಗೋಡೆನೂ ದೊಡ್ಡದು. ನೀವು ಹ್ಞೂಂ ಅಂದ್ರೆ ಮೊದಲನೇದನ್ನ ಅಲ್ಲೇ ಅಂಟಿಸ್ತೀನಿ."

ಸಭೆ ಗುಸುಗುಸು ಅಂದಿತು. ಮಾಡ್ಸ್ಲಿ ನಗುಮುಖದಲ್ಲೇ ಇದ್ದ. ಪಕ್ಕದಲ್ಲಿದ್ದ ಕಾರ್ಯದರ್ಶಿಯ ಕಡೆ ಬಾಗಿ ಎರಡು ಮಾತು ಪಿಸುಗುಟ್ಟಿದ. ಪಕ್ಕದ ಕುರ್ಚಿಯವನಿಗೂ ಕೇಳಿಸಿರಲಾರದು, ಅಷ್ಟು ಮೆಲ್ಲಗೆ. ಆದರೆ ದೀಪದ ಬೆಳಕು ನೇರ ಅವನ ತುಟಿಯ ಮೇಲಿತ್ತು. ನಾವು ಮುನ್ನೂರು ಜನ ಓದಿದೆವು: ಪರ್ಸಿಗೆ ಎದೆ ದುರ್ಬಲ ಅಂತ ಸೋಮವಾರದೊಳಗೆ ಡಾಕ್ಟರ ಕೈಲಿ ಚೀಟಿ ಬರೆಸು.

ಹಿಂದಿನ ಸಾಲಿನಲ್ಲಿ ಶುರುವಾದ ನಗು ಮುಂದಕ್ಕೆ ಹರಿದು ಬಂತು. ಮಾಡ್ಸ್ಲಿಗೆ ಮಾತ್ರ ಏನೂ ತಿಳಿಯಲಿಲ್ಲ. ಇವರೆಲ್ಲ ಯಾಕೆ ನಗುತ್ತಿದ್ದಾರೆ ಅಂತ ಅತ್ತಿತ್ತ ನೋಡುತ್ತಿದ್ದ. ಆಗ ಎರಡನೆಯ ಸಾಲಿನಿಂದ ಆಂಬ್ರೋಸ್ ಎದ್ದು ನಿಂತ. ತನ್ನ ದನಿಯ ಅಳತೆ ತನಗೆ ತಿಳಿಯದ್ದರಿಂದ ಅವನ ಮಾತು ಭವನದ ಕೊನೆಯ ಗೋಡೆಗೂ ತಾಗಿತು.

"ಪರ್ಸಿ ಎದೆಗೆ ಚೀಟಿ ಬರೆಸೋವಾಗ ನನ್ನ ಕಿವಿಗೂ ಒಂದು ಬರೆಸಿ, ಸ್ವಾಮಿ. ನಾನು ಕಿವುಡ. ಮೂರು ಸಲ ಹೋದೆ, ಮೂರು ಸಲಾನೂ ಬೇಡ ಅಂದ್ರು. ನಿಮ್ಮ ಪಟ್ಟೀಲಿ ನನ್ನ ಹೆಸರಿದೆ."

ನಗು ನಿಂತಿತು. ಮಾಡ್ಸ್ಲಿ ನೀರು ಕುಡಿದು ಕುಳಿತುಕೊಂಡ. ವಾದ್ಯದವರು ಯಾರೂ ಹೇಳದೆಯೇ ರಾಷ್ಟ್ರಗೀತೆ ನುಡಿಸಿ ಸಭೆ ಮುಗಿಸಿದರು. ಆ ಪಟ್ಟಿಯ ಸುದ್ದಿಯನ್ನು ಮುಂದೆ ಯಾರೂ ಎತ್ತಲಿಲ್ಲ.

ಮಂಗಳವಾರ ಹೆಪ್ಸಿ ಮಾರುಕಟ್ಟೆಯಲ್ಲಿ ಏಣಿಯ ಮೇಲಿದ್ದಳು. ಗಾಳಿ ಜೋರಾಗಿತ್ತು. ಕೆಳಗೆ ಯಾರೋ ಏಣಿಯ ಕಾಲನ್ನು ಗಟ್ಟಿಯಾಗಿ ಹಿಡಿದರು. ನೋಡಿದರೆ ಪರ್ಸಿ ಮಾಡ್ಸ್ಲಿ. ಅವಳು ಕೊನೆಯ ಹಾಳೆ ಮುಗಿಸಿ ಇಳಿಯುವವರೆಗೂ ಬಿಡಲಿಲ್ಲ.

"ಆ ಚೀಟಿ ಅಪ್ಪನ ಯೋಚನೆ," ಅಂದ. "ನನ್ನನ್ನ ಯಾರೂ ಕೇಳಿರಲಿಲ್ಲ. ಬೆಳಿಗ್ಗೆ ಹೋಗಿ ಸೇರಿದೆ."

ಅಪ್ಪನಿಗೆ ಗುರಿಯಿಟ್ಟು ಮಗನಿಗೆ ಹೊಡೆದೆನಲ್ಲ ಎಂದು ಆ ರಾತ್ರಿ ಹೆಪ್ಸಿ ನನ್ನ ಹತ್ತಿರ ಹೇಳಿಕೊಂಡಳು. ನನ್ನಿಂದ ಹೋಗ್ತಿದ್ದೀಯಾದರೆ ಬೇಡ ಅಂತ ಅವನಿಗೂ ಹೇಳಿದ್ದಳಂತೆ. ಅದಕ್ಕೆ ಪರ್ಸಿ, ಇಷ್ಟು ವರ್ಷದಲ್ಲಿ ತಾನೊಬ್ಬನೇ ಕೂತು ತೀರ್ಮಾನ ಮಾಡಿದ ಮೊದಲ ಕೆಲಸ ಇದು, ಅದನ್ನು ನೀವು ಕಿತ್ತುಕೊಳ್ಳಬೇಡಿ ಎಂದನಂತೆ. ಅವನು ಬದುಕಿ ಬಂದ, ಎಡಗೈ ಬರಲಿಲ್ಲ.

೧೯೧೬ರಲ್ಲಿ ಸೇನೆಗೆ ಸೇರುವುದು ಕಡ್ಡಾಯವಾಯಿತು. ಬೆರಳು ತೋರಿಸಿ ಕರೆಯುವ ಕೆಲಸ ತಪ್ಪಿತು. ಆ ವರ್ಷವೇ ಬೇಸಿಗೆಯಲ್ಲಿ ಕಿಚ್ನರ್ ಹೊರಟಿದ್ದ ಹಡಗು ಮುಳುಗಿ ಅವನೂ ಹೋದ. ಗೋಡೆಗಳ ಮೇಲೆ ಉಳಿದಿದ್ದ ಅವನ ಮುಖಗಳನ್ನು ಹೆಪ್ಸಿ ಬಿಸಿನೀರು ಹಾಕಿ ಕೆರೆದು ತೆಗೆದಳು.

ಆ ಹೊತ್ತಿಗೆ ಫ್ರಾನ್ಸಿನಿಂದ ರೈಲುಗಟ್ಟಲೆ ಗಾಯಾಳುಗಳು ಬರುತ್ತಿದ್ದರು. ನಮ್ಮೂರಿನ ಆಸ್ಪತ್ರೆಯಲ್ಲಿ ಗುಂಡಿನ ಸದ್ದಿಗೆ ಕಿವಿ ಕಳೆದುಕೊಂಡವರೇ ಒಂದು ವಾರ್ಡು ತುಂಬ. ಆಸ್ಪತ್ರೆಯ ದಾದಿಯೊಬ್ಬಳು ಅವರ ಪಾಡನ್ನು ಹೇಳಿದಾಗ ಹೆಪ್ಸಿ ಸೀದಾ ಆಂಬ್ರೋಸ್‌ನ ಮನೆಗೆ ಹೋದಳು. ಮುಂದಿನ ಸೋಮವಾರದಿಂದ ಅವನು ಅಲ್ಲಿ ಮೇಷ್ಟ್ರು. ತುಟಿ ಓದುವುದನ್ನು ಕಲಿಸಲು ಸೇನೆಯೇ ಅವನನ್ನು ನೇಮಿಸಿಕೊಂಡಿತು. ಈ ಸಲ ಯಾವ ಡಾಕ್ಟರನೂ ಅವನ ಬೆನ್ನ ಹಿಂದೆ ನಿಲ್ಲಲಿಲ್ಲ.

ನಾನೊಮ್ಮೆ ಆ ವಾರ್ಡಿಗೆ ಹೋಗಿದ್ದೆ. ಇಪ್ಪತ್ತು ಜನ ಅರ್ಧಚಂದ್ರಾಕಾರದಲ್ಲಿ ಕೂತು ಅವನ ಬಾಯಿಯನ್ನೇ ನೋಡುತ್ತಿದ್ದರು. ಅವನು ದನಿಯಿಲ್ಲದೆ, ನಿಧಾನವಾಗಿ, ಗಿರಣಿಯ ಒಂದು ಪೋಲಿ ತಮಾಷೆ ಹೇಳುತ್ತಿದ್ದ. ನನಗೆ ಆಗಲೇ ಅರ್ಥವಾಗಿತ್ತು, ಆದರೂ ನಗದೆ ಕಾದೆ. ಕಿಟಕಿಯ ಪಕ್ಕದಲ್ಲಿದ್ದ, ತಲೆಗೆ ಪಟ್ಟಿ ಕಟ್ಟಿದ್ದ ಒಬ್ಬ ಸಿಪಾಯಿ ಮೊದಲು ನಕ್ಕ. ಆಮೇಲೆ ಅವನ ಪಕ್ಕದವನು.