ಅಕ್ಕನ ಬೋರ್ಡು ಮೊದಲು

ಮನೆ ಗೆದ್ದು ಮಾರು ಗೆಲ್ಲು ಎಂದು ಹಿರಿಯರು ಹೇಳಿದ್ದನ್ನು ಎಲ್ಲರೂ ಕೇಳಿರುತ್ತಾರೆ, ಕೇಳಿ ಸುಮ್ಮನಿರುತ್ತಾರೆ. ಪುರಸಭೆಯ ಬೋರ್ಡ್ ಇನ್‌ಸ್ಪೆಕ್ಟರನಿಗೆ ಅಷ್ಟು ಬುದ್ಧಿ ಎಲ್ಲಿಂದ ಬರಬೇಕು? ರಸ್ತೆಯ ಮೇಲೆ ಚಾಚಿಕೊಂಡ ಬೋರ್ಡುಗಳನ್ನೆಲ್ಲ ಇಳಿಸಬೇಕೆಂದು ಆದೇಶ ಬಂದ ಮರುದಿನವೇ, ಇಬ್ಬರು ಕೆಲಸಗಾರರಿಗೆ ಏಣಿ ಹೊರಿಸಿಕೊಂಡು ಅವನು ನೆಟ್ಟಗೆ ಹೋಗಿ ನಿಂತದ್ದು ಸ್ವಂತ ಅಕ್ಕನ ಹೊಲಿಗೆ ಅಂಗಡಿಯ ಕೆಳಗೆ.

ಆದೇಶದಲ್ಲೇನೂ ತಪ್ಪಿರಲಿಲ್ಲ. ಆ ಪೇಟೆ ಬೀದಿಯಲ್ಲಿ ಒಬ್ಬನ ಬೋರ್ಡು ಒಂದು ಮೊಳ ಮುಂದೆ ಬಂದರೆ ಪಕ್ಕದವನದು ಒಂದೂವರೆ ಮೊಳ ಬರುತ್ತಿತ್ತು. ಹೀಗೆ ಬಂದು ಬಂದು ಎದುರುಬದುರಿನ ಬೋರ್ಡುಗಳು ಮೂಗು ಮುಟ್ಟಿಸಿಕೊಳ್ಳುವುದೊಂದು ಬಾಕಿ. ಪಾತ್ರೆ ಅಂಗಡಿಯವನ ಗೋದಾಮಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕದ ಗಾಡಿ ಬೀದಿಯ ಬಾಯಲ್ಲೇ ಸಿಕ್ಕಿಬಿದ್ದು, ಜನರೇ ಬಕೆಟ್ಟುಗಳಲ್ಲಿ ನೀರು ಹೊತ್ತು ಆರಿಸಿದ್ದರು. ಸ್ವಂತ ಗೋಡೆಗೆ ಒತ್ತಿ ಹಾಕಿದ ಬೋರ್ಡು ಇರಲಿ, ರಸ್ತೆಯ ಮೇಲೆ ತೂಗುವುದು ಬೇಡ. ನಿಯಮ ಇಷ್ಟೇ.

ಅಕ್ಕನ ಗ್ರಹಚಾರವೆಂದರೆ ಅವಳ ಅಂಗಡಿ ಇದ್ದದ್ದು ಮಹಡಿಯ ಮೇಲೆ. ಕೆಳಗಿನ ಗೋಡೆ ಪಾತ್ರೆ ಅಂಗಡಿಯವನದು. ಮೇಲೆ ಅವಳ ಪಾಲಿಗಿದ್ದದ್ದು ಅಗಲವಾದ ಒಂದು ಕಿಟಕಿ. ಅದನ್ನೂ ಪಕ್ಕದ ಕನ್ನಡಕದ ಅಂಗಡಿಯವನು ರಸ್ತೆಗೆ ಚಾಚಿ ಹಗ್ಗದಲ್ಲಿ ತೂಗುಹಾಕಿದ್ದ ಎರಡಾಳುದ್ದದ ತಗಡಿನ ಕನ್ನಡಕ ಮರೆಮಾಡಿತ್ತು. ಗಿರಾಕಿಗಳು ಮೆಟ್ಟಿಲು ಹತ್ತುತ್ತಿದ್ದರೆ ಅದು ಕಬ್ಬಿಣದ ಸಲಾಕೆಗೆ ತೂಗುತ್ತಿದ್ದ ಅವಳ ಪುಟ್ಟ ಬೋರ್ಡಿನ ಪುಣ್ಯ.

“ಏನೋ ಇದು ಏಣಿ?” ಕೊರಳಲ್ಲಿ ಟೇಪು ಹಾಕಿಕೊಂಡೇ ಅಕ್ಕ ಕಿಟಕಿಗೆ ಬಂದಳು.

“ಬೋರ್ಡು ಇಳಿಸ್ಬೇಕು ಅಕ್ಕಾ. ರೂಲ್ಸು.”

“ಬೀದೀಲಿ ಇಷ್ಟು ಜನ ಇದಾರಲ್ಲೋ, ನಾನೇ ಸಿಕ್ಕಿದ್ನಾ ನಿನಗೆ?”

“ನಿಂದು ಬಿಟ್ಟು ಬೇರೆಯವರದ್ದು ಮುಟ್ಟಿದ್ರೆ ಮುಖಕ್ಕೆ ಉಗೀತಾರೆ. ನಿಂದೇ ಮೊದಲು ಇಳಿದ್ರೆ ಯಾರೂ ಕೆಮ್ಮಲ್ಲ. ಸಂಜೆಯೊಳಗೆ ಎಲ್ಲರದ್ದೂ ಇಳಿಯತ್ತೆ, ನೋಡ್ತಿರು.”

“ಎತ್ತಿ ಆಡಿಸಿದ್ದಕ್ಕೆ ಒಳ್ಳೇ ಬಹುಮಾನ ಕೊಟ್ಟೆ ಕಣೋ,” ಎಂದು ಅಕ್ಕ ಕಿಟಕಿ ಹಾಕಿಕೊಂಡಳು.

ಸಂಜೆಯೊಳಗೆ ಏನಾಯಿತು ಗೊತ್ತೇ? ಅಕ್ಕನದು ಇಳಿದದ್ದಷ್ಟೇ, ಇನ್ನೊಂದು ಬೋರ್ಡಿನ ಮೊಳೆಯೂ ಅಲುಗಲಿಲ್ಲ. ಕನ್ನಡಕದ ಅಂಗಡಿಯವನು ವರ್ತಕರ ಸಂಘದ ಮುಖ್ಯಸ್ಥ. ನಾಲ್ಕು ಜನರನ್ನು ಕಟ್ಟಿಕೊಂಡು ಪುರಸಭೆಯ ಅಧ್ಯಕ್ಷರ ಬಳಿ ಓಡಿದ. ಮುಂದಿನ ಆದೇಶದವರೆಗೆ ಯಾರ ಬೋರ್ಡನ್ನೂ ಇಳಿಸಕೂಡದು, ತಾವಾಗಿ ಇಳಿಸುವವರಿಗೆ ಮಾತ್ರ ನೆರವಾಗಿ ಎಂದು ಅಲ್ಲಿಂದ ಚೀಟಿ ಬಂತು. ಹಾಗಾದರೆ ಅಕ್ಕನದನ್ನು ವಾಪಸ್ ಹಾಕಬಹುದೇ ಎಂದು ಇನ್‌ಸ್ಪೆಕ್ಟರ್ ಕೇಳಿದ. ಅಧ್ಯಕ್ಷರು ನಕ್ಕರು. “ಇಳಿದದ್ದು ಇಳೀತಯ್ಯ. ಈಗ ಹಾಕಿದ್ರೆ ಹೊಸ ಬೋರ್ಡಾಗತ್ತೆ. ಹೊಸದಕ್ಕೆ ಪರ್ಮಿಶನ್ ಇಲ್ಲ.”

ಇಡೀ ಬೀದಿಯಲ್ಲಿ ಬೋರ್ಡಿಲ್ಲದವಳು ಅವಳೊಬ್ಬಳೇ ಆದಳು. ಗಿರಾಕಿಗಳು ಕೆಳಗೆ ಅತ್ತಿತ್ತ ನೋಡಿ ಬೇರೆ ಕಡೆ ಹೋದರು. ಮೆಷಿನ್ನಿನ ಸದ್ದು ದಿನದಿನಕ್ಕೆ ಕಡಿಮೆಯಾಯಿತು. ಇನ್‌ಸ್ಪೆಕ್ಟರನಿಗೆ ನಾಚಿಕೆಯಲ್ಲಿ ಊಟ ಸೇರುತ್ತಿರಲಿಲ್ಲ. ಫೋನು ಮಾಡಿದರೆ ಭಾವ ಎತ್ತಿಕೊಂಡು, “ಅವಳು ಮನೇಲಿಲ್ವಂತೆ ಕಣಯ್ಯ, ಅವಳೇ ಹೇಳ್ತಿದಾಳೆ,” ಎನ್ನುತ್ತಿದ್ದರು. ಹೀಗೇ ಇನ್ನೊಂದು ತಿಂಗಳಾದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದೂ ಭಾವನೇ ಹೇಳಿದರು. ಅಂಗಡಿ ಮುಚ್ಚಿದ ಮೇಲೆ ಅಕ್ಕನ ಮುಖ ನೋಡುವುದು ಹೇಗೆ?

ಅದೊಂದು ಮಧ್ಯಾಹ್ನ ಅವನು ಪೇಟೆ ಬೀದಿ ಹಾಯ್ದು ಬರುತ್ತಿದ್ದ. ಕನ್ನಡಕದ ಅಂಗಡಿಯವನು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ನಾಲ್ಕು ಜನಕ್ಕೆ ಕೇಳುವಂತೆ ಕೂಗಿದ: “ಉತ್ತರನ ಪೌರುಷ ಒಲೆ ಮುಂದೆ, ನಮ್ಮ ಇನ್‌ಸ್ಪೆಕ್ಟರ್ ಪೌರುಷ ಅಕ್ಕನ ಮುಂದೆ!”

ಬೀದಿಯೆಲ್ಲ ಗೊಳ್ಳೆಂದಿತು. ಇನ್‌ಸ್ಪೆಕ್ಟರ್ ಚರಂಡಿಯಲ್ಲಿ ಏನನ್ನೋ ಪರೀಕ್ಷಿಸುವವನಂತೆ ಬಗ್ಗಿದ. ಅಷ್ಟರಲ್ಲಿ ಮಹಡಿಯ ಮೆಟ್ಟಿಲ ಮೇಲೆ ದಡದಡ ಸದ್ದಾಯಿತು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ಕೆಳಗಿಡುವುದನ್ನೂ ಮರೆತು ಅಕ್ಕ ಇಳಿದು ಬಂದಿದ್ದಳು. ತನಗೇ ಬಂತು ಎಂದುಕೊಂಡ ತಮ್ಮ. ಅವಳು ಅವನನ್ನು ದಾಟಿ ಹೋದಳು.

“ಏನಂದ್ರಿ? ಇನ್ನೊಂದ್ಸಲ ಅನ್ನಿ.”

“ಅಯ್ಯೋ, ತಮಾಷೆಗಮ್ಮಾ...” ಅವನ ಕಣ್ಣು ಕತ್ತರಿಯ ಮೇಲಿತ್ತು.

“ಅವನು ಪೆದ್ದ, ಒಪ್ಕೋತೀನಿ. ಹುಟ್ಟಿದಾಗಿಂದ ನೋಡ್ತಿದೀನಿ, ನೀವು ಹೇಳ್ಕೊಡಬೇಕಾಗಿಲ್ಲ. ಆದ್ರೆ ನನ್ನ ತಮ್ಮನ್ನ ಬಯ್ಯೋಳು ನಾನು. ನೀವ್ಯಾರ್ರೀ? ಅವನು ನನ್ನ ಅನ್ನಕ್ಕೆ ಕಲ್ಲು ಹಾಕಿದ, ಹೌದು. ಎಲ್ಲರಿಗೂ ಒಂದೇ ನ್ಯಾಯ ಅಂತ ನಂಬಿ ಹಾಕಿದ. ನೀವು ಓಡಿಹೋಗಿ ಅಧ್ಯಕ್ಷರ ಕಾಲು ಹಿಡಿದ್ರಿ. ಗೋದಾಮು ಉರೀವಾಗ ಬಕೆಟ್ ಹಿಡ್ಕೊಂಡು, ‘ಈ ಹಾಳು ಬೋರ್ಡುಗಳಿಂದ ಗಾಡಿ ಬರ್ಲಿಲ್ಲ’ ಅಂತ ಬಾಯಿ ಬಡ್ಕೊಂಡಿದ್ದು ಯಾರು? ನಾನಾ?”

ಬಡಿದುಕೊಂಡದ್ದು ಅವನೇ. ಬೀದಿಗೆಲ್ಲ ನೆನಪಿತ್ತು. ಯಾರೂ ನಗಲಿಲ್ಲ.

ಪಾತ್ರೆ ಅಂಗಡಿಯವನು ಗಂಟಲು ಸರಿಮಾಡಿಕೊಂಡ. “ಸುಟ್ಟಿದ್ದು ನನ್ನ ಗೋದಾಮು. ಇವಳದು ಇಳಿದ ದಿನವೇ ನಂದೂ ಇಳಿಸ್ಬೇಕಿತ್ತು. ಇಳಿಸ್ತೀನಿ.”

“ನೀವು ಇಳಿಸಿದ್ರೆ ನಂದೂ ಇಳೀತು,” ಎಂದ ಎದುರು ಅಂಗಡಿಯವನು. ಅವನ ಪಕ್ಕದವಳೂ ಅದನ್ನೇ ಅಂದಳು. ಪಕ್ಕದವನಿಗಿಂತ ಹಿಂದೆ ಬೀಳಬಾರದೆಂದು ಬೋರ್ಡು ಮುಂದೆ ತಂದ ಜನ ಅಲ್ಲವೇ, ಇಳಿಸುವುದರಲ್ಲೂ ಹಿಂದೆ ಬೀಳಲು ಯಾರಿಗೂ ಮನಸ್ಸಾಗಲಿಲ್ಲ. ಕನ್ನಡಕದವನು ಎಲ್ಲರ ಮುಖ ನೋಡಿದ. “ಎಲ್ರೂ ಇಳಿಸೋದಾದ್ರೆ ನಾನೊಬ್ಬ ಯಾಕೆ ಕೆಟ್ಟೋನಾಗ್ಲಿ,” ಎಂದು ಗೊಣಗಿದ.

ಇನ್‌ಸ್ಪೆಕ್ಟರನ ಕಣ್ಣು ತುಂಬಿ ಬಂದಿತ್ತು. ಅಕ್ಕ ಆಗ ಅವನತ್ತ ತಿರುಗಿದಳು. “ಬಾಯಿ ಬಿಟ್ಕೊಂಡು ಏನೋ ನಿಂತಿದೀಯ? ಅವರ ಮನಸ್ಸು ಬದಲಾಗೋದ್ರೊಳಗೆ ಏಣಿ ತಗೊಂಡ್ ಬಾ!”

ಅವನು ಓಡಿದ. ಸಂಜೆಯ ಹೊತ್ತಿಗೆ ಬೀದಿಯಲ್ಲಿ ಬಿಸಿಲು ನೆಲದವರೆಗೂ ಇಳಿದಿತ್ತು. ತಗಡಿನ ಕನ್ನಡಕದ ಹಗ್ಗವನ್ನು ಅವನು ತಾನೇ ಏಣಿ ಹತ್ತಿ ಬಿಚ್ಚಿದ. ಅದು ತೂಗಾಡುತ್ತ ಕೆಳಗಿಳಿದರೆ, ಹಿಂದೆ ಅಕ್ಕನ ಕಿಟಕಿ. ಒಳಗೆ ಹೊಲಿದು ತೂಗುಹಾಕಿದ ಅಂಗಿ ಲಂಗಗಳೆಲ್ಲ ಬೀದಿಯ ತುದಿಯವರೆಗೂ ಕಾಣುವಂತಿದ್ದವು. ಅಕ್ಕ ಕಿಟಕಿಯ ಗಾಜಿನ ಬಾಗಿಲು ತೆಗೆದಳು. ಇಬ್ಬರ ನಡುವೆ ಇದ್ದದ್ದು ಒಂದು ಗೇಣು.

“ಊಟ ಮಾಡಿದ್ಯಾ?”

“ಇಲ್ಲ ಅಕ್ಕಾ.”

“ಬಾ ಒಳಗೆ.”

ಮೆಟ್ಟಿಲು ಸುತ್ತಿ ಬರುವಷ್ಟು ತಾಳ್ಮೆ ಅವನಿಗೆಲ್ಲಿತ್ತು? ಏಣಿಯಿಂದಲೇ ಕಿಟಕಿ ದಾಟಿದ. ಒಳಗೆ ಕಾಲಿಟ್ಟನೋ ಇಲ್ಲವೋ, ಕೆಳಗಿನಿಂದ ಯಾರೋ ಹೆಂಗಸು ಕೂಗಿದಳು: “ಹೊಲಿಗೆ ಅಂಗಡಿಗೆ ದಾರಿ ಯಾವುದ್ರೀ?”

“ಇಲ್ಲೇ ಅಮ್ಮಾ! ಪಾತ್ರೆ ಅಂಗಡಿ ಪಕ್ಕದ ಮೆಟ್ಟಿಲು!” ಅವನು ಸೊಂಟದವರೆಗೂ ಕಿಟಕಿಯಾಚೆ ಬಾಗಿ ಎರಡೂ ಕೈ ಬೀಸಿದ.

ಅಕ್ಕ ಹಿಂದಿನಿಂದ ಅವನ ಅಂಗಿ ಹಿಡಿದು ಎಳೆದಳು. “ರಸ್ತೆ ಮೇಲೆ ಅಷ್ಟು ಚಾಚ್ಬೇಡ್ವೋ. ರೂಲ್ಸು!”